ತುಳಸಿ ಗೌಡರ ನಂತರ ಯಾರನ್ನು ಕೇಳೋಣ? ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ, ನಮಸ್ಕಾರಗಳು.

2024ರ ಫೆಬ್ರವರಿಯಲ್ಲಿ ನಾಗರಹೊಳೆಯ ಕಾಡು ಕಾಯ್ದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಹೋದರು, 2025ರ ನವೆಂಬರಿನಲ್ಲಿ ಸಾಲುಮರದ ತಿಮ್ಮಕ್ಕ. ಮೂವರಿಗೂ ನಾಡು ಗೌರವದಿಂದ ವಿದಾಯ ಹೇಳಿತು. ಆದರೆ ಅವರಿಗೆ ತಿಳಿದಿದ್ದುದರಲ್ಲಿ ಎಷ್ಟನ್ನು ನಾವು ಕೇಳಿ ಇಟ್ಟುಕೊಂಡಿದ್ದೇವೆ?

ಚಿಣ್ಣಪ್ಪನವರ ಅನುಭವಗಳು ಪುಸ್ತಕವಾಗಿ ಬಂದಿವೆ. ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಿಮ್ಮದೇ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದಶಕಗಳ ಕಾಲ ದುಡಿದವರು. ಯಾವ ತಾಯಿಮರದ ಬೀಜ ಆಯಬೇಕು, ಯಾವ ಹೊತ್ತಿಗೆ ಆಯಬೇಕು, ಮೊಳಕೆ ಹೇಗೆ ಬರಿಸಬೇಕು ಎಂಬುದೆಲ್ಲ ಅವರ ಕೈಯಲ್ಲಿ, ಕಣ್ಣಿನಲ್ಲಿ ಇತ್ತು. ಪದ್ಮಶ್ರೀ ಬಂದ ಮೇಲೆ ಹೋದವರು ಹೆಚ್ಚಾಗಿ ಕೇಳಿದ್ದು ಎಷ್ಟು ಗಿಡ ನೆಟ್ಟಿರಿ ಎಂದು. ಲಕ್ಷದ ಲೆಕ್ಕ ಸುದ್ದಿಯಾಯಿತು, ವಿದ್ಯೆ ಬದಿಗೆ ಸರಿಯಿತು. ಅವರ ಹಾಲಕ್ಕಿ ಸಮುದಾಯದ ಮಾತು ಬಲ್ಲ ಒಬ್ಬರು ಬೀಜ ಬೀಳುವ ಕಾಲದಲ್ಲಿ ಅವರೊಂದಿಗೆ ಕಾಡಿನಲ್ಲಿ ನಡೆಯುತ್ತಾ, ಅವರ ಕೆಲಸದ ಬದುಕನ್ನು ಮೊದಲಿನಿಂದ ಹೇಳಿಸಿಕೊಂಡು ಧ್ವನಿಮುದ್ರಿಸಬೇಕಿತ್ತು. ಒಂದು ಸಂದರ್ಶನಕ್ಕೆ ಮುಗಿಯುವ ಕೆಲಸವಲ್ಲ ಅದು.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಕರ್ನಾಟಕದ ಕಾಡು ಕಾಯ್ದವರ ಮೌಖಿಕ ಇತಿಹಾಸವನ್ನು ದಾಖಲಿಸುವ ಕೆಲಸಕ್ಕೆ ಈ ವರ್ಷವೇ ಆದೇಶ ಹೊರಡಿಸಿ. ಪ್ರಶಸ್ತಿ ಪಡೆದವರಿಂದಲ್ಲ, ನಿವೃತ್ತ ವಾಚರ್‌ಗಳಿಂದ, ಗಾರ್ಡ್‌ಗಳಿಂದ, ನರ್ಸರಿಯ ಹೆಂಗಸರಿಂದ ಶುರುವಾಗಲಿ.

ಇನ್ನೊಂದು ಮಾತು, ಇದು ನಿಮಗೆ ಹಿಡಿಸದೆಯೂ ಇರಬಹುದು. ಈ ದಾಖಲೆ ಇಲಾಖೆಯ ಕಪಾಟಿನಲ್ಲಿ ಇರಕೂಡದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು ಇಲಾಖೆ ಒಪ್ಪಿಗೆ ಕೊಟ್ಟಿದ್ದ ಕಡಿತದ ವಿರುದ್ಧ. 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟದ್ದು ಸರ್ಕಾರ ಪಾಲುದಾರನಾಗಿದ್ದ ಕಂಪನಿಯ ವಿರುದ್ಧ. ಮುಂದಾಳುಗಳ ಹೆಸರು ಅಚ್ಚಿನಲ್ಲಿದೆ. ಅಂದು ಮರ ಅಪ್ಪಿದ ಯುವಕರು, ಹೆಂಗಸರು ಈಗ ಮುದುಕರಾಗಿದ್ದಾರೆ. ಅವರನ್ನು ಇಲಾಖೆಯ ಸಮವಸ್ತ್ರ ತೊಟ್ಟವರು ಹೋಗಿ ಕೇಳಿದರೆ ಮನಸ್ಸು ಬಿಚ್ಚಿ ಹೇಳುತ್ತಾರೆಯೇ? ನಾಗರಹೊಳೆಯದೂ ಅಷ್ಟೇ. 1992ರಲ್ಲಿ ಕಾಡಿಗೆ ಬೆಂಕಿ ಬಿದ್ದ ದಿನಗಳನ್ನು ಅಲ್ಲಿ ಕಾವಲಿದ್ದವರು ಒಂದು ರೀತಿ ನೆನೆಯುತ್ತಾರೆ. ಕಾಡಿನಿಂದ ಹೊರಬಂದ ಜೇನುಕುರುಬರ ಹಾಡಿಯ ಹಿರಿಯರಿಗೆ ಆ ಕಾಲದ ನೆನಪೇ ಬೇರೆ. ಚಿಣ್ಣಪ್ಪನವರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೂ ಎರಡೂ ಕಡೆಯ ಮಾತು ಉಳಿಯಲೇಬೇಕು.

ಹಾಗಾಗಿ ಹಣ ಸರ್ಕಾರದ್ದಿರಲಿ, ಹೊಣೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಸಂಸ್ಥೆಗೆ ಹೋಗಲಿ. ವಿಜ್ಞಾನಿಗಳ ಮಾತನ್ನು ಸಂಗ್ರಹಿಸಿಡುವ ಪತ್ರಾಗಾರ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಆಗಲೇ ಇದೆ. ಆ ಅನುಭವವನ್ನು ಬಳಸಿಕೊಳ್ಳಬಹುದು. ಹೇಳಿದವರ ಒಪ್ಪಿಗೆ ಇಲ್ಲದೆ ಒಂದು ಸಾಲೂ ಹೊರಬರಬಾರದು. ಇಂತಿಷ್ಟು ವರ್ಷ ಮುಚ್ಚಿಡಿ ಎಂದರೆ ಮುಚ್ಚಿಡಬೇಕು. ಆ ಭರವಸೆ ಇಲ್ಲದಿದ್ದರೆ ನಿವೃತ್ತ ಅಧಿಕಾರಿಗಳು ಮರಗಳ್ಳರ ಬಗ್ಗೆ, ಮೇಲಿನಿಂದ ಬಂದ ಫೋನ್ ಕರೆಗಳ ಬಗ್ಗೆ ಬಾಯಿ ಬಿಡುವುದಿಲ್ಲ.

ವಲಯ ಕಚೇರಿಗಳಿಂದ ನಿವೃತ್ತರ ಹೆಸರು ತರಿಸಿಕೊಳ್ಳಿ. ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗಲು ಹೇಳಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಒಬ್ಬ ಓದುಗ