ಚಿಪ್ ಸುಡುವುದಿಲ್ಲ, ಸೋರುತ್ತದೆ

ಮಾನ್ಯರೇ,

ಕಳೆದ ಭಾನುವಾರದ ವಿಜ್ಞಾನ ಪುಟದಲ್ಲಿ, ವಿಕಿರಣಕ್ಕೆ ಚಿಪ್‌ಗಳು ಸುಟ್ಟುಹೋಗುತ್ತವೆ, ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಬೇಗ ಸುಡುತ್ತವೆ ಎಂದು ಬರೆದಿದ್ದೀರಿ. ಉದಾಹರಣೆಗೆ ಕೊಟ್ಟಿರುವುದು 2025ರ ನವೆಂಬರ್‌ನಲ್ಲಿ ಸುಮಾರು 6000 ಏರ್‌ಬಸ್ ಎ320 ಬಗೆಯ ವಿಮಾನಗಳನ್ನು ರಿಪೇರಿಗೆ ಕರೆದದ್ದು. ಅಲ್ಲಿ ಸೂರ್ಯನ ವಿಕಿರಣದಿಂದ ಕೆಡಬಹುದು ಎಂದದ್ದು ಡೇಟಾ. ಬಹುಪಾಲು ವಿಮಾನಗಳು ಸಾಫ್ಟ್‌ವೇರ್ ಬದಲಿಸಿಕೊಂಡು ಹಾರಿದವು. ಚಿಪ್ ಸುಟ್ಟಿದ್ದರೆ ಸಾಫ್ಟ್‌ವೇರ್ ಏನು ಮಾಡೀತು?

ಹದಿನೆಂಟು ವರ್ಷ ಚಿಪ್‌ಗಳಿಗೆ ಗಾಮಾ ವಿಕಿರಣ ಕೊಡಿಸಿ ಅಳತೆ ತೆಗೆದವನು ನಾನು. ಸುಟ್ಟು ಹೊರಬಂದದ್ದು ಒಂದೂ ಇಲ್ಲ. (ಭಾರದ ಅಯಾನು, ಅಂದರೆ ವಿದ್ಯುದಾವೇಶವಿರುವ ಭಾರವಾದ ಪರಮಾಣು, ಬಡಿದು ಲ್ಯಾಚ್‌ಅಪ್ ಆದರೆ, ಅಂದರೆ ಚಿಪ್ಪಿನೊಳಗೆ ಕರೆಂಟು ತಡೆಯಿಲ್ಲದೆ ಹರಿಯತೊಡಗಿದರೆ, ಸುಡುವುದುಂಟು, ಅದು ಬೇರೆ ಮಾತು.) ನಾವು ನೋಡುತ್ತಿದ್ದದ್ದು ನಿಧಾನದ ಕಾಯಿಲೆ. ಟ್ರಾನ್ಸಿಸ್ಟರ್ ಅನ್ನು ಆನ್-ಆಫ್ ಮಾಡುವ ಭಾಗ ಗೇಟು. ಅದರ ಕೆಳಗಿನ ಆಕ್ಸೈಡ್ ಎಂಬ ನಿರೋಧಕ ಪದರಕ್ಕೆ ಗಾಮಾ ಬಿದ್ದರೆ ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಪಾಸಿಟಿವ್) ಜೋಡಿಗಳು ಹುಟ್ಟುತ್ತವೆ. ಎಲೆಕ್ಟ್ರಾನ್ ಚುರುಕು, ಜಾರಿಕೊಳ್ಳುತ್ತದೆ. ಹೋಲ್ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಸೇರಿದ ಪಾಸಿಟಿವ್ ಚಾರ್ಜ್‌ನಿಂದ ಎನ್-ಚಾನೆಲ್ (ಎಲೆಕ್ಟ್ರಾನ್ ಹರಿಸುವ ಬಗೆಯ) ಟ್ರಾನ್ಸಿಸ್ಟರ್ ಆಫ್ ಮಾಡಿದರೂ ಪೂರ್ತಿ ಆಫ್ ಆಗುವುದಿಲ್ಲ, ವಾಷರ್ ಸವೆದ ನಲ್ಲಿಯ ಹಾಗೆ ಕರೆಂಟು ಸೋರುತ್ತದೆ.

ಗಾಮಾ ಸೂಸುವ ಕೋಬಾಲ್ಟ್-60 ಊರಿನ ಒಂದು ತುದಿಗೆ, ಅಳೆಯುವ ಯಂತ್ರ ಇನ್ನೊಂದು ತುದಿಗೆ. ವಿಕಿರಣ ನಿಂತ ಒಂದು ಗಂಟೆಯೊಳಗೆ ಅಳತೆ ಶುರುವಾಗಬೇಕೆಂದು ನಿಯಮ. ಚಿಪ್‌ಗಳ ಕಾಲನ್ನು ಕಪ್ಪು ಫೋಮಿಗೆ ಚುಚ್ಚಿ, ಡಬ್ಬ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಓಡುವುದು. ಒಮ್ಮೆ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲೇ ಐವತ್ತು ನಿಮಿಷ ಹೋಯಿತು. ತಲುಪಿ ನೋಡಿದರೆ ಸೋರಿಕೆ ಎಂದಿಗಿಂತ ಕಡಿಮೆ. ಹೊಸದಾಗಿ ಸೇರಿದ್ದ ಹುಡುಗ ‘ಪಾಸ್ ಸಾರ್!’ ಅಂತ ಕುಣಿದ. ಪಾಸೂ ಇಲ್ಲ, ಮಣ್ಣೂ ಇಲ್ಲ. ದಾರಿಯುದ್ದಕ್ಕೂ ಚಾರ್ಜ್ ತಾನಾಗಿ ಇಳಿಯುತ್ತ ಬಂದಿತ್ತು. ಹೊಸ ಸ್ಯಾಂಪಲ್ ತೆಗೆದು ಮೊದಲಿಂದ ಮಾಡಿದೆವು.

ಇನ್ನು ‘ಚಿಕ್ಕದಾದಷ್ಟೂ’ ಎಂಬ ಮಾತು. ಗೇಟಿನ ಆಕ್ಸೈಡ್ ತೆಳುವಾದಷ್ಟೂ ಹೋಲ್ ತಂಗಲು ಜಾಗ ಕಡಿಮೆ. ಕೆಲವೇ ನ್ಯಾನೊಮೀಟರ್ ದಪ್ಪವಿದ್ದರೆ ಪಕ್ಕದಿಂದ ಎಲೆಕ್ಟ್ರಾನ್ ನುಸುಳಿ ಬಂದು ಅದನ್ನು ಅಳಿಸಿಯೇ ಬಿಡುತ್ತದೆ. ಹಾಗಾಗಿ ಈ ವಿಷಯದಲ್ಲಿ ಹಳೆಯ ದಪ್ಪ ಗೇಟಿಗಿಂತ ಹೊಸದೇ ಗಟ್ಟಿ. ತೊಂದರೆ ಪಕ್ಕಕ್ಕೆ ಸರಿದಿದೆ, ಅಷ್ಟೆ: ಟ್ರಾನ್ಸಿಸ್ಟರ್‌ಗಳ ನಡುವಿನ ಕಾಲುವೆಗೆ ತುಂಬುವ ಆಕ್ಸೈಡ್ ಇನ್ನೂ ದಪ್ಪವೇ, ಫಿನ್‌ಫೆಟ್‌ನಲ್ಲೂ (ಮೀನಿನ ರೆಕ್ಕೆಯಂತೆ ಎದ್ದುನಿಂತ ಸಿಲಿಕಾನ್ ಫಿನ್ ಇರುವ ಹೊಸ ಬಗೆಯ ಟ್ರಾನ್ಸಿಸ್ಟರ್) ಫಿನ್ನಿನ ಬುಡದಲ್ಲಿ ಸೋರುವುದು ಅದರಿಂದಲೇ. ಮೆಮೊರಿಯ ಸೊನ್ನೆ ಒಂದಾಗಿಬಿಡುವ ಕಾಟ ಮಾತ್ರ ಬೇರೆ ಥರ. ಕೋಶ ಕಿರಿದಾದಾಗ ಒಂದೇ ಕಣ ಅಕ್ಕಪಕ್ಕದ ಹಲವು ಬಿಟ್‌ಗಳನ್ನು ಒಟ್ಟಿಗೆ ತಿರುಗಿಸಬಲ್ಲದು. ಆದರೆ ಮತ್ತೆ ಬರೆದರೆ ಅವು ಸರಿಹೋಗುತ್ತವೆ, ಸೋರಿಕೆ ಮಾತ್ರ ಮತ್ತೆ ಬರೆದರೆ ಹೋಗುವಂಥದ್ದಲ್ಲ.

ಮುಂದಿನ ಭಾನುವಾರ ಇವೆರಡನ್ನು ಬೇರೆ ಬೇರೆ ಮಾಡಿ ತಿದ್ದುಪಡಿ ಹಾಕಬೇಕಾಗಿ ಕೋರಿಕೆ. ಲೇಖನದ ಜೊತೆಗಿದ್ದ ಹೊಗೆಯಾಡುವ ಬೋರ್ಡ್ ಉಪಗ್ರಹದ್ದಲ್ಲ, ಮೊಬೈಲ್ ಚಾರ್ಜರಿನದು. ಟ್ರಾನ್ಸ್‌ಫಾರ್ಮರ್ ಎದ್ದು ಕಾಣುತ್ತಿದೆ.

– ನಿವೃತ್ತ ಪರೀಕ್ಷಾ ತಂತ್ರಜ್ಞ, ವಿದ್ಯಾರಣ್ಯಪುರ, ಬೆಂಗಳೂರು