ಗುಂಡಿ ಬಿಡಿಸಿದ ಅಪರಿಚಿತರಿಗೆ

ಹೋದ ಭಾನುವಾರ ಪೊನ್ನಂಪೇಟೆ ಕಡೆ ಪುಟ್ಟ ವಿಮಾನದಲ್ಲಿ ಒಬ್ಬನೇ ಹಾರುತ್ತಿದ್ದೆ. ರೇಡಿಯೋ ತಣ್ಣಗಿತ್ತು. ಆಹಾ, ಎಷ್ಟು ಶಾಂತಿ ಅಂದುಕೊಂಡು ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದ್ದಕ್ಕೆ, ಮೆಣಸಿನ ಬೆಲೆಗೆ, ಭಾವಮೈದನಿಗೆ ಗಟ್ಟಿಯಾಗಿಯೇ ಬೈದುಕೊಂಡೆ.

ಇಳಿದ ಮೇಲೆ ಇನ್ನೊಂದು ವಿಮಾನದವರು ನಡೆದು ಬಂದರು. "ನಿಮ್ಮ ರೇಡಿಯೋದಲ್ಲಿ ಮಾತಾಡಲು ಒತ್ತುವ ಗುಂಡಿ ಅಂಟಿಕೊಂಡಿದೆ ಸಾರ್. ಭಾವಮೈದನ ಕಥೆ ಪೂರ್ತಿ ಕೇಳಿದೆ" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಒಂದು ತರಂಗಾಂತರದಲ್ಲಿ ಒಮ್ಮೆಗೆ ಒಬ್ಬರದೇ ಮಾತು. ನಾನು ಹಿಡಿದು ಕೂತರೆ ಉಳಿದವರು ಇಳಿಯುತ್ತಿದ್ದೇನೆ ಅಂತಲೂ ಹೇಳಲಾರರು. ಮಾತಾಡಿದರೆ ಬರೀ ಕೀರಲು ಸದ್ದು. ನನಗೋ, ಗುಂಡಿ ಒತ್ತಿರುವಷ್ಟು ಹೊತ್ತು ಯಾರ ಮಾತೂ ಕೇಳಿಸದು! ಅವರು ದೂರದಲ್ಲೇ ಸುತ್ತು ಹೊಡೆದು, ನಾನು ಇಳಿಯುವವರೆಗೂ ಕಾದಿದ್ದರಂತೆ.

ಬೈಯಲಿಲ್ಲ. ಸ್ಕ್ರೂಡ್ರೈವರ್ ತಂದು ಗುಂಡಿಯ ಕೊಳೆ ಒರೆಸಿಕೊಟ್ಟರು. "ರೇಡಿಯೋ ದಿಢೀರ್ ಸುಮ್ಮನಾದರೆ ಮೊದಲು ನಿಮ್ಮ ಸೆಟ್ಟನ್ನೇ ಅನುಮಾನಿಸಿ" ಅಂದು ಹೊರಟೇಬಿಟ್ಟರು. ಹೆಸರು ಕೇಳುವುದೂ ಮರೆತೆ.

ತುಂಬಾ ಥ್ಯಾಂಕ್ಸ್ ಸಾರ್. ಗೋಣಿಕೊಪ್ಪ ಕಡೆ ಬಂದರೆ ಕಡಂಬುಟ್ಟು, ಪಂದಿಕರಿ ಊಟ ನಮ್ಮಲ್ಲೇ. ಭಾವಮೈದನಿಗೆ ಮಾತ್ರ ಏನೂ ಹೇಳಬೇಡಿ.