23 ಡಿಗ್ರಿಯ ಲೆಕ್ಕ ನಮ್ಮೂರಿಗೆ ಹೊಂದುವುದಿಲ್ಲ

ಮಾನ್ಯ ಸಂಪಾದಕರೆ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ದೀಪಾವಳಿ ಆಫರ್‌ಗಳ ಪುಟ ಬಂದಿತ್ತು. ಫೋನು, ಟೀವಿ, ವಾಷಿಂಗ್ ಮಷಿನ್ ಜೊತೆ ಕ್ಯಾಮೆರಾಗಳೂ ಇದ್ದವು. ಅವುಗಳಲ್ಲಿ ಒಂದರ ಮೇಲೆ ನಾನು ಎಂಟು ತಿಂಗಳಿಂದ ಕಣ್ಣಿಟ್ಟಿದ್ದೇನೆ. ಕೊಳ್ಳಬೇಕೋ ಬೇಡವೋ ಅಂತ ರಾತ್ರಿ ಊಟಕ್ಕೆ ಕುಳಿತರೆ ಮನೆಯಲ್ಲಿ ಅದೇ ಮಾತು. ಇದೇ ಯೋಚನೆಯಲ್ಲಿರುವ ಫೋಟೊಗ್ರಾಫರ್‌ಗಳು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ಇಂಥ ಕ್ಯಾಮೆರಾ ನಮ್ಮೂರಿನ ಬಿಸಿಲಿಗೆ ತಡೆಯುತ್ತದೋ ಇಲ್ಲವೋ ಅನ್ನುವುದೇ ನನ್ನ ಚಿಂತೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿಜಯಪುರದಲ್ಲಿ ಇಪ್ಪತ್ತಾರು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ರೀಲಿನ ಕಾಲದಲ್ಲಿ ಶುರು ಮಾಡಿದವನು. ಒಂದು ರೀಲಿಗೆ 36 ಫೋಟೊ, ಒಂದು ಮದುವೆಗೆ ಐದೋ ಆರೋ ರೀಲು. ಈಗ ಸ್ಟುಡಿಯೋದಲ್ಲಿ ನಾನು, ವಿಡಿಯೋಕ್ಕೆ ಒಬ್ಬ ಹುಡುಗ, ಆಲ್ಬಂ ಕೆಲಸಕ್ಕೆ ನನ್ನ ಮಗಳು. ಮೂವರ ದುಡಿಮೆ ನಿಂತಿರುವುದು ಎರಡು ಕ್ಯಾಮೆರಾ ಮೇಲೆ. ಅದರಲ್ಲಿ ಒಂದಕ್ಕೆ ಎಂಟು ವರ್ಷ ಆಯಿತು.

ಆ ಹಳೆಯ ಕ್ಯಾಮೆರಾದ ಕಥೆ ಹೇಳಲೇಬೇಕು. ಕಂಪನಿಯ ಹೆಸರು ಬೇಡ. ಅದರಲ್ಲಿ ಕಾರ್ಡು ಹಾಕಲು ಒಂದೇ ಜಾಗ. ನಾಲ್ಕು ವರ್ಷದ ಹಿಂದೆ ಸಿಂದಗಿ ಕಡೆ ಒಂದು ಮದುವೆ. ಮಧ್ಯಾಹ್ನ ಹನ್ನೆರಡೂವರೆಗೆ ಮುಹೂರ್ತ. ಮಂಗಳಾಷ್ಟಕ ಮುಗಿದು ಅಕ್ಕಿಕಾಳು (ಅಕ್ಷತೆ) ಬಿದ್ದವು, ಬಾಜಾ ಬಡಿದರು, ನಾನು ಒಂದೇ ಸಮನೆ ಬಟನ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಕಾರ್ಡ್ ಎರರ್ ಅಂತ ಬಂತು. ತೆಗೆದು ಹಾಕಿದೆ, ಒರೆಸಿ ಹಾಕಿದೆ, ಏನೂ ಆಗಲಿಲ್ಲ. ಎರಡು ದಿನ ಕಂಪ್ಯೂಟರ್ ಮುಂದೆ ಕೂತು ರಿಕವರಿ ಮಾಡಿದ ಮೇಲೆ ಸುರಿಗೆ ನೀರಿನ ಫೋಟೊ ಬಂದವು, ಊಟದ ಪಂಕ್ತಿ ಬಂತು. ಅಕ್ಕಿಕಾಳಿನ ಒಂದು ಫೋಟೊನೂ ಬರಲಿಲ್ಲ. ಹುಡುಗಿಯ ತಂದೆ ಸಿಟ್ಟು ಮಾಡಲಿಲ್ಲ. ಸುಮ್ನೆ ಕೂತರು. ಅರ್ಧ ದುಡ್ಡು ವಾಪಸ್ ಕೊಟ್ಟೆ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಹೊಸ ಕ್ಯಾಮೆರಾದಲ್ಲಿ ಎರಡು ಕಾರ್ಡಿನ ಜಾಗ ಇದೆ. ಒಂದೇ ಫೋಟೊ ಎರಡೂ ಕಡೆ ಉಳಿಯುತ್ತದೆ. ನನಗೆ ಮೊದಲು ಬೇಕಿದ್ದದ್ದು ಅದೇ. ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ, ಹಂದರದ ಅರೆಬೆಳಕಿನಲ್ಲೂ ಒಳ್ಳೆಯ ಫೋಟೊ ಬರುತ್ತದೆ. ಇಷ್ಟು ಒಳ್ಳೆಯ ವಸ್ತು ಅಂದಮೇಲೆ ಇನ್ನೇನು ಯೋಚನೆ ಅಂತ ನನ್ನ ಹುಡುಗ ಕೇಳುತ್ತಾನೆ.

ಯೋಚನೆ ಎರಡು. ಒಂದು ದುಡ್ಡು. ಲೆನ್ಸ್ ಬಿಟ್ಟು ಬಾಡಿ ಒಂದೇ ಮೂರೂವರೆ ಲಕ್ಷ. ಅದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ, ಅಂದರೆ ಐವತ್ತಮೂರು ಸಾವಿರದ ಮೇಲೆ ತೆರಿಗೆಯೇ ಆಯಿತು. ನನ್ನ ವಹಿವಾಟು ವರ್ಷಕ್ಕೆ 20 ಲಕ್ಷದ ಒಳಗೆ, ನೋಂದಣಿ ಮಾಡಿಸಿಲ್ಲ. ಹಾಗಾಗಿ ಆ ತೆರಿಗೆಯಲ್ಲಿ ಒಂದು ರೂಪಾಯಿನೂ ತಿರುಗಿ ಬರುವುದಿಲ್ಲ. ಹಳೆಯ ಲೆನ್ಸ್ ಹಾಕಲು ಅಡಾಪ್ಟರ್ ಬೇರೆ, ವೇಗದ ಕಾರ್ಡು ಬೇರೆ. ಸೊಸೈಟಿಯಲ್ಲಿ ಸಾಲ ಎತ್ತಬೇಕು.

ಎರಡನೆಯದು ಬಿಸಿ. ಈ ಮಿರರ್‌ಲೆಸ್ ಕ್ಯಾಮೆರಾ ವಿಡಿಯೋ ಮಾಡುವಾಗ ಕಾಯುತ್ತದೆ, ಕಾದು ತಾನೇ ಬಂದ್ ಆಗುತ್ತದೆ ಅಂತ ಕೊಂಡವರು ಅಲ್ಲಲ್ಲಿ ಹೇಳುತ್ತಿದ್ದಾರೆ. ಇದು ಸುಳ್ಳು ಸುದ್ದಿಯಲ್ಲ, ಕಾರಣವೂ ಗೊತ್ತಿರುವಂಥದ್ದು. ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಒಳಗೆ ಕನ್ನಡಿ ಇರುತ್ತದೆ. ನಾವು ಕಣ್ಣಿಟ್ಟು ನೋಡುವಾಗ ಬೆಳಕು ಕನ್ನಡಿಯಿಂದ ನಮ್ಮ ಕಣ್ಣಿಗೆ ಬರುತ್ತದೆ, ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ಮಲಗಿರುತ್ತದೆ. ಬಟನ್ ಒತ್ತಿದಾಗ ಮಾತ್ರ ಅದಕ್ಕೆ ಕೆಲಸ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಸೆನ್ಸರ್ ನೋಡಿದ್ದನ್ನೇ ಪರದೆಗೆ ಕಳಿಸಬೇಕು, ಹೀಗಾಗಿ ನಾವು ಸುಮ್ನೆ ಹಿಡಿದು ನಿಂತಿದ್ದರೂ ಅದು ದುಡಿಯುತ್ತಲೇ ಇರುತ್ತದೆ. 8ಕೆ ವಿಡಿಯೋ ಅಂದರೆ ಒಂದೊಂದು ಚಿತ್ರದಲ್ಲೂ 3 ಕೋಟಿ 30 ಲಕ್ಷಕ್ಕಿಂತ ಜಾಸ್ತಿ ಚುಕ್ಕೆ, ಅಂಥ ಚಿತ್ರ ಸೆಕೆಂಡಿಗೆ 30. ಇಷ್ಟನ್ನೂ ಓದಿ, ಕುಗ್ಗಿಸಿ, ಕಾರ್ಡಿಗೆ ಬರೆಯುವ ಚಿಪ್ಪು ಅಂಗೈಯಷ್ಟು ಡಬ್ಬಿಯಲ್ಲಿದೆ. ಧೂಳು, ನೀರು ಹೋಗಬಾರದು ಅಂತ ಡಬ್ಬಿಯ ಸಂದಿಗಳನ್ನೆಲ್ಲ ಮುಚ್ಚಿರುತ್ತಾರೆ. ಫ್ಯಾನ್ ಇಲ್ಲ. ಒಳಗಿನ ಬಿಸಿ ಹೊರಗಿನ ಗಾಳಿಗೆ ಹೋಗಬೇಕಾದರೆ ಹೊರಗಿನ ಗಾಳಿ ತಂಪಿರಬೇಕಲ್ವಾ?

ಈ ತೊಂದರೆ ಹೊಸದೂ ಅಲ್ಲ. 2020ರ ಜುಲೈನಲ್ಲಿ ಕ್ಯಾನನ್ ಕಂಪನಿ ಆರ್5 ಬಿಡುಗಡೆ ಮಾಡಿದಾಗ ಇದೇ ಗದ್ದಲ ಆಗಿತ್ತು. 8ಕೆ ವಿಡಿಯೋ ಸುಮಾರು 20 ನಿಮಿಷ ಅಂತ ಕಂಪನಿಯೇ ಹೇಳಿತ್ತು, ಮುಚ್ಚಿಡಲಿಲ್ಲ. ಅದು ಒಳ್ಳೆಯದೇ. ಆದರೆ ಆ 20 ನಿಮಿಷ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮುಂದಿನ ತಿಂಗಳೇ ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಕೊಟ್ಟು ಸ್ವಲ್ಪ ಸುಧಾರಿಸಿದರು. 2024ರಲ್ಲಿ ಅದರ ಎರಡನೆಯ ಮಾದರಿ ಬಂದಾಗ ಫ್ಯಾನ್ ಇರುವ ಗ್ರಿಪ್ಪನ್ನು ಬೇರೆಯಾಗಿ ಮಾರಲು ಇಟ್ಟರು. ಅಂದರೆ ಬಿಸಿಗೆ ಕೊನೆಗೂ ಗಾಳಿಯೇ ಮದ್ದಾಯಿತು.

23 ಡಿಗ್ರಿ ಅಂದರೆ ಏನು? ವಿಜಯಪುರದಲ್ಲಿ ಅದು ಡಿಸೆಂಬರ್ ತಿಂಗಳ ಬೆಳಗಿನ ಹೊತ್ತು. ನಮ್ಮ ಮದುವೆಗಳು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು 40 ದಾಟಿರುತ್ತದೆ. ಹಳ್ಳಿಯಲ್ಲಿ ಮನೆ ಮುಂದೆ ತಗಡಿನ ಹಂದರ, ಅದರ ಕೆಳಗೆ ಎಂಟುನೂರು ಜನ, ಮೇಲೆ ನಮ್ಮದೇ ವಿಡಿಯೋ ಲೈಟು. ಮುಹೂರ್ತ ನಡುಮಧ್ಯಾಹ್ನ. ಇಂಥ ಕ್ಯಾಮೆರಾಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಬಳಸುವ ಉಷ್ಣತೆ 0ಯಿಂದ 40 ಡಿಗ್ರಿ. ನಾನು ಕೊಳ್ಳಬೇಕೆಂದಿರುವ ಕ್ಯಾಮೆರಾದಲ್ಲೂ ಅದೇ ಸಾಲು ಇದೆ. ನಮ್ಮ ಮೇ ತಿಂಗಳು ಆ ಸಾಲಿನ ಹೊರಗೇ ಉಳಿಯಿತು. ಮಾರುವವರು ಇದನ್ನು ಯಾರಿಗೂ ಹೇಳುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ನಿಮಿಷ ನಡೆಯುತ್ತದೆ ಅನ್ನುವ ಒಂದು ಅಂಕಿ ನಮಗೆ ಬೇಕು. ಈ ಕ್ಯಾಮೆರಾದ ಬಗ್ಗೆ ಅದು ನನಗೆ ಎಲ್ಲೂ ಸಿಕ್ಕಿಲ್ಲ.

ಹೋದ ಮೇ ತಿಂಗಳಲ್ಲಿ ನಾನೇ ನೋಡಿದೆ. ಸೊಲ್ಲಾಪುರದಲ್ಲಿ ನನ್ನ ಪರಿಚಯದ ಫೋಟೊಗ್ರಾಫರ್ ಒಬ್ಬರು ಈ ಕ್ಯಾಮೆರಾ ಕೊಂಡಿದ್ದಾರೆ. ಎರಡು ದಿನಕ್ಕೆ ಕೇಳಿ ತಂದೆ. ಮನೆ ಮಾಳಿಗೆ ಮೇಲೆ ತಗಡಿನ ನೆರಳಿದೆ. ಅಲ್ಲೇ ಟ್ರೈಪಾಡ್ ಹಾಕಿ ನಿಲ್ಲಿಸಿದೆ. ಗೋಡೆಗೆ ಥರ್ಮಾಮೀಟರ್ ತೂಗುಹಾಕಿದೆವು, ಮಗಳು ವಹಿಯಲ್ಲಿ ಬರೆದುಕೊಂಡಳು. ಮಧ್ಯಾಹ್ನ ಒಂದು ಗಂಟೆ, 41 ಡಿಗ್ರಿ. 8ಕೆಯಲ್ಲಿ ಒಂಬತ್ತನೇ ನಿಮಿಷಕ್ಕೆ ಎಚ್ಚರಿಕೆಯ ಗುರುತು ಬಂತು, ಹದಿಮೂರನೇ ನಿಮಿಷಕ್ಕೆ ಬಂದ್. ಮತ್ತೆ ಚಾಲೂ ಮಾಡಿದರೆ ಮೂರು ನಿಮಿಷವೂ ನಡೆಯಲಿಲ್ಲ. ಒಮ್ಮೆ ಕಾದದ್ದು ಬೇಗ ಆರುವುದಿಲ್ಲ, ಅದೇ ದೊಡ್ಡ ತೊಂದರೆ. ಒಳಗೆ ತಂದು ಕೂಲರ್ ಮುಂದೆ ಇಟ್ಟರೂ ಮುಕ್ಕಾಲು ಗಂಟೆ ಬೇಕಾಯಿತು. 8ಕೆಯ ಕಾಲುಭಾಗ ಚುಕ್ಕೆ ಇರುವ ಸಾದಾ 4ಕೆಯಲ್ಲಿ ಮಾತ್ರ ಒಂದು ಗಂಟೆ ತಡೆಯಿಲ್ಲದೆ ನಡೆಯಿತು. ಮರುದಿನ ಬರೀ ಫೋಟೊ ತೆಗೆದೆ. ಇಬ್ರಾಹಿಂ ರೋಜಾ ಅಂಗಳದಲ್ಲಿ ಬಿಸಿಲಿಗೆ ಎರಡು ತಾಸು, ನಾನೂರು ಫೋಟೊ. ಒಂದೂ ತೊಂದರೆ ಇಲ್ಲ. ಮೀನಾರಿನ ಕಲ್ಲಿನ ಕೆತ್ತನೆ ಮುಟ್ಟಿ ನೋಡುವಷ್ಟು ಸ್ಪಷ್ಟವಾಗಿ ಬಂದಿತ್ತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿ ಬಹಳ ಖುಷಿಯಾಯಿತು. ಆ ಖುಷಿಯಿಂದಲೇ ಈ ಎಂಟು ತಿಂಗಳ ತಳಮಳ ಜಾಸ್ತಿಯಾಗಿದ್ದು.

ಹೊಸ ಮಾಲಿನಲ್ಲಿ ದೋಷ ಇದ್ದರೆ ಕಂಪನಿ ಸರಿ ಮಾಡುತ್ತದೆ ಬಿಡಿ ಅಂತ ಕೆಲವರು ಹೇಳುತ್ತಾರೆ. ಅದೂ ನಿಜವೇ, ಆದರೆ ಎಂಥ ದೋಷ ಅನ್ನುವುದನ್ನು ನೋಡಬೇಕು. 2008ರ ಕೊನೆಗೆ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ ರಾತ್ರಿ ಫೋಟೊದಲ್ಲಿ ದೀಪದ ಪಕ್ಕ ಕಪ್ಪು ಚುಕ್ಕೆ ಬೀಳುತ್ತಿತ್ತು. 2009ರ ಜನವರಿಯಲ್ಲೇ ಫರ್ಮ್‌ವೇರ್ ಬಂತು, ಚುಕ್ಕೆ ಹೋಯಿತು. ಅದು ಸಾಫ್ಟ್‌ವೇರ್ ದೋಷ. ನಿಕಾನ್ ಡಿ600 ಬಂದದ್ದು 2012ರ ಸೆಪ್ಟೆಂಬರ್‌ನಲ್ಲಿ. ಅದರ ಸೆನ್ಸರ್ ಮೇಲೆ ಕಲೆ ಬೀಳುತ್ತಿದ್ದವು, ಎಷ್ಟು ಒರೆಸಿದರೂ ಮತ್ತೆ ಬರುತ್ತಿದ್ದವು. ಅದಕ್ಕೆ ಸಾಫ್ಟ್‌ವೇರ್ ಏನು ಮಾಡೀತು? 2013ರ ಅಕ್ಟೋಬರ್‌ನಲ್ಲಿ ಡಿ610 ಅಂತ ಬೇರೆ ಕ್ಯಾಮೆರಾನೇ ಬಂತು. ವಾರಂಟಿ ಮುಗಿದ ಡಿ600ಗೂ ಪುಕ್ಕಟೆ ಶಟರ್ ಬದಲಿಸಿ ಕೊಡುತ್ತೇವೆ ಅಂತ ಕಂಪನಿ ಹೇಳಿದ್ದು 2014ರಲ್ಲಿ. ಅಷ್ಟರಲ್ಲಿ ಮೊದಲು ಕೊಂಡವರಿಗೆ ಒಂದೂವರೆ ವರ್ಷ ಆಗಿಹೋಗಿತ್ತು. ದೊಡ್ಡ ಊರಿನವರು ಸರ್ವಿಸ್ ಸೆಂಟರ್‌ಗೆ ಹೋಗಿ ಬೆಳಿಗ್ಗೆ ಕೊಟ್ಟು ಸಂಜೆ ತರಬಹುದು. ನಾವು ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಪಾರ್ಸೆಲ್ ಮಾಡಿ, ಮೂರು ವಾರ ಬಾಡಿಗೆ ಕ್ಯಾಮೆರಾದಲ್ಲಿ ಮದುವೆ ಮಾಡಬೇಕು.

ಇನ್ನೊಂದು ಮಾತು, ಮದುವೆ ಮನೆಯವರಿಗೆ. ಈಚೆಗೆ ಬೀಗರು ಬುಕ್ ಮಾಡಲು ಬಂದರೆ ಮೊದಲು ಕೇಳುವುದು "8ಕೆ ಐತೇನ್ರಿ?" ಅಂತ. ನಿಮ್ಮ ಮನೆಯ ಟೀವಿ 4ಕೆ ಇದ್ದರೆ ಹೆಚ್ಚು. ವಿಡಿಯೋ ನೋಡುವುದು ಫೋನಿನಲ್ಲಿ. ದಯವಿಟ್ಟು ಹಳೆಯ ಆಲ್ಬಂ ತೋರಿಸಿ ಅಂತ ಕೇಳಿ. ಎರಡು ಕಾರ್ಡು ಹಾಕುತ್ತೀರಾ, ಫೋಟೊ ಎಷ್ಟು ಕಡೆ ಉಳಿಸುತ್ತೀರಾ ಅಂತ ಕೇಳಿ. ನೀವು 8ಕೆ ಕೇಳುವುದರಿಂದ ನಮ್ಮ ಹುಡುಗರು ಸಾಲ ಮಾಡುತ್ತಿದ್ದಾರೆ. ಕೆಲವರು ಬಿಲ್ಲಿಲ್ಲದೆ, ಭಾರತದ ವಾರಂಟಿ ಇಲ್ಲದೆ ಹೊರದೇಶದ ಮಾಲು ತರುತ್ತಿದ್ದಾರೆ. ಅದು ಕೆಟ್ಟರೆ ಕೇಳುವವರೇ ಇಲ್ಲ.

ಬಿಲ್ಲು ಇದ್ದರೆ ಕೇಳಬಹುದು. ಇದು ನನಗೂ ಗೊತ್ತಿರಲಿಲ್ಲ, ಈಚೆಗೆ ಒಬ್ಬ ವಕೀಲರು ತಿಳಿಸಿ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ವ್ಯಾಪಾರಕ್ಕೆ ಕೊಂಡವನು ಗ್ರಾಹಕ ಅಲ್ಲ ಅಂತ ಅದರಲ್ಲಿದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನು ಗ್ರಾಹಕನೇ ಅಂತಲೂ ಇದೆ. ನಮ್ಮಂಥ ಸಣ್ಣ ಸ್ಟುಡಿಯೋದವರಿಗೆ ಈ ಸಾಲು ಬಹಳ ಮುಖ್ಯ. ಕ್ಯಾಮೆರಾವನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ದರೆ ಫೀ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಫೋನಿನಲ್ಲೇ ಕೇಳುವುದಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಬಹುದು. ಆದರೆ ದೋಷ ಇದೆ ಅಂತ ಗೊತ್ತಿದ್ದೂ ಕೊಂಡು, ಆಮೇಲೆ ದೂರಿದರೆ ನನ್ನ ಮಾತಿಗೆ ತೂಕ ಇರುವುದಿಲ್ಲ ಅಂತಲೂ ಆ ವಕೀಲರೇ ಹೇಳಿದರು. ಅದು ಸರಿ ಅನ್ನಿಸಿತು.

ಅದಕ್ಕೇ ಅಂಗಡಿಯವರಿಗೆ ಒಂದು ಪತ್ರ ಬರೆದುಕೊಟ್ಟೆ. ಕೇಳಿದ್ದು ಇಷ್ಟೇ. ನನಗೆ 8ಕೆ ಬೇಡ. ಸಾದಾ 4ಕೆಯಲ್ಲಿ, ನೆರಳಿನಲ್ಲಿ, 40 ಡಿಗ್ರಿಯ ಒಳಗೆ, ಒಂದು ಗಂಟೆ ನಿಲ್ಲದೆ ನಡೆಯಬೇಕು. ಮಾಲು ಈಗ ಕೊಡಿ, ಪರೀಕ್ಷೆ ಬೇಸಿಗೆಯಲ್ಲಿ ನಿಮ್ಮ ಮುಂದೆಯೇ ಮಾಡೋಣ. ನಡೆಯದಿದ್ದರೆ ಬದಲಿ ಕೊಡಬೇಕು ಅಥವಾ ವಾಪಸ್ ತೆಗೆದುಕೊಳ್ಳಬೇಕು. ಸಹಿ ಮಾಡಿ ಕೊಟ್ಟರೆ ಮರುದಿನವೇ ಕೊಳ್ಳುತ್ತೇನೆ, ಆಫರ್ ಬಿಟ್ಟರೂ ಚಿಂತೆಯಿಲ್ಲ. ಮಾಲೀಕರು ಓದಿದರು. "ಕಂಪನಿಗೆ ಕೇಳ್ತೀನ್ರಿ" ಅಂದರು. ನಾನೂ ಕಂಪನಿಗೆ ಇಮೇಲ್ ಮಾಡಿ 40 ಡಿಗ್ರಿಯ ನಿಮಿಷ ಕೇಳಿದ್ದೇನೆ. ನಿಮ್ಮಲ್ಲೂ ಒಂದು ವಿನಂತಿ. ಕ್ಯಾಮೆರಾ, ಫೋನಿನ ಬಗ್ಗೆ ಬರೆಯುವಾಗ ಎಸಿ ಕೋಣೆಯಲ್ಲಿ ನೋಡಿ ಬರೆಯಬೇಡಿ. ಏಪ್ರಿಲ್‌ನಲ್ಲಿ ಒಬ್ಬರನ್ನು ನಮ್ಮ ಕಡೆ ಕಳಿಸಿ. ನನ್ನ ಮಾಳಿಗೆ ಇದೆ, ಥರ್ಮಾಮೀಟರ್ ಇದೆ, ಟ್ರೈಪಾಡ್ ಹಾಕಿಕೊಡುತ್ತೇನೆ. ಬಂದ ಅಂಕಿಗಳನ್ನು ಹಾಗೇ ಅಚ್ಚು ಹಾಕಿ.

ಪತ್ರ ಕೊಟ್ಟು ಇವತ್ತಿಗೆ ಹನ್ನೊಂದು ದಿನ. ಅಂಗಡಿಯಿಂದಲೂ ಕಂಪನಿಯಿಂದಲೂ ಉತ್ತರ ಬಂದಿಲ್ಲ. ತುಳಸಿ ಲಗ್ನ ಆದ ಮೇಲೆ ಮೊದಲ ಮದುವೆ ತಿಕೋಟಾದಲ್ಲಿದೆ. ಹಳೆಯ ಕ್ಯಾಮೆರಾ ಒರೆಸಿ ಇಟ್ಟಿದ್ದೇನೆ. ಎರಡು ಹೊಸ ಕಾರ್ಡು ತಂದಿದ್ದೇನೆ. ಅಕ್ಕಿಕಾಳಿಗೆ ಮುಂಚೆ ಕಾರ್ಡು ಬದಲಿಸಬೇಕು ಅಂತ ಮಗಳು ಚೀಟಿ ಬರೆದು ಬ್ಯಾಗಿನ ಮುಚ್ಚಳಕ್ಕೆ ಅಂಟಿಸಿದ್ದಾಳೆ.

ಇತಿ,
ಒಬ್ಬ ಮದುವೆ ಫೋಟೊಗ್ರಾಫರ್, ವಿಜಯಪುರ